ಬೆಂಗಳೂರಲ್ಲಿ ಹೋಟೆಲ್ ರೂಮ್: ಜಾಗ ಆರಿಸುವುದು, ಬುಕ್ ಮಾಡುವುದು, ಅಲ್ಲೇ ಕೆಲಸಕ್ಕೆ ಸೇರುವುದು

ಊರಿಂದ ಬೆಂಗಳೂರಿಗೆ ಬರುವವರು ಹೋಟೆಲ್ ಹುಡುಕುವಾಗ ಮೊದಲು ರೇಟು ನೋಡುತ್ತಾರೆ, ಆಮೇಲೆ ಫೋಟೊ, ಜಾಗ ಎಲ್ಲಿದೆ ಅನ್ನೋದು ಕೊನೆಗೆ. ಇದನ್ನು ಪೂರ್ತಿ ಉಲ್ಟಾ ಮಾಡಿ. ಜಾಗ ಸರಿಯಾಗಿದ್ದರೆ ರೂಮ್ ಸಾಧಾರಣವಾಗಿದ್ದರೂ ನಡೆಯುತ್ತದೆ. ಜಾಗ ತಪ್ಪಿದರೆ ಹಾಸಿಗೆ ಎಷ್ಟೇ ಮೆತ್ತಗಿದ್ದರೂ ಅರ್ಧ ದಿನ ಸಿಗ್ನಲ್‌ನಲ್ಲೇ ಕಳೆದುಹೋಗುತ್ತದೆ. ನಾನು ಹೋಟೆಲ್ ರಿಸೆಪ್ಷನ್ ಕೌಂಟರಿನ ಒಳಗಡೆ ನಿಂತು ಕೆಲಸ ಮಾಡುವವಳು. ಕೌಂಟರಿನ ಆಚೆ ನಿಂತವರಿಗೆ ಯಾವ ವಿಷಯ ಗೊತ್ತಿದ್ದರೆ ದುಡ್ಡು, ನಿದ್ದೆ ಎರಡೂ ಉಳಿಯುತ್ತಿತ್ತು ಅಂತ ದಿನಾ ಕಾಣುತ್ತದೆ. ಅದನ್ನೇ ಒಂದೊಂದಾಗಿ ಬರೆಯುತ್ತಿದ್ದೇನೆ. ಈ ಲೈನಿಗೆ ಕೆಲಸಕ್ಕೆ ಬರಬೇಕು ಅನ್ನುವ ಹುಡುಗ ಹುಡುಗಿಯರಿಗೂ ಕೊನೆಯಲ್ಲಿ ಒಂದು ಭಾಗ ಇದೆ.

ಹೆಜ್ಜೆ 1: ಬೆಳಗ್ಗೆ ಎಲ್ಲಿರಬೇಕು ಅಂತ ಬರೆದುಕೊಳ್ಳಿ

ಬೆಂಗಳೂರಿಗೆ ಯಾಕೆ ಬರುತ್ತಿದ್ದೀರಿ? ಆಸ್ಪತ್ರೆಗೋ, ಕೋರ್ಟಿಗೋ, ಇಂಟರ್‌ವ್ಯೂಗೋ, ಮದುವೆಗೋ? ಬೆಳಗ್ಗೆ 9 ಗಂಟೆಗೆ ನೀವು ಎಲ್ಲಿ ನಿಂತಿರಬೇಕೋ ಆ ಜಾಗವೇ ನಿಮ್ಮ ಹುಡುಕಾಟದ ನಡುಬಿಂದು. ಸಂಜೆ ಲಾಲ್‌ಬಾಗ್ ನೋಡಬೇಕು, ಚಿಕ್ಕಪೇಟೆಯಲ್ಲಿ ಸೀರೆ ತಗೋಬೇಕು ಅನ್ನೋದೆಲ್ಲ ಆಮೇಲೆ. ಸಂಜೆ ತಡವಾದರೆ ನಷ್ಟವಿಲ್ಲ, ಬೆಳಗ್ಗೆ ತಡವಾದರೆ ಬಂದ ಕೆಲಸವೇ ಕೆಡುತ್ತದೆ.

ಹೈಕೋರ್ಟ್, ವಿಧಾನಸೌಧ, ಎಂ.ಎಸ್. ಬಿಲ್ಡಿಂಗ್ ಕೆಲಸಕ್ಕೆ ಬರುವವರಿಗೆ ಮೆಜೆಸ್ಟಿಕ್ ಪಕ್ಕದ ಗಾಂಧಿನಗರವೇ ಸಾಕು. ಮೆಟ್ರೊದಲ್ಲಿ ಮೆಜೆಸ್ಟಿಕ್‌ನಿಂದ ವಿಧಾನಸೌಧ ಎರಡನೇ ಸ್ಟಾಪ್. ಬೆಳಗ್ಗೆ ತಿಂಡಿ ತಿಂದು ನಿಧಾನಕ್ಕೆ ಹೊರಟರೂ ಆಗುತ್ತದೆ. ಇದಕ್ಕಾಗಿ ಎಂ.ಜಿ. ರೋಡ್ ಹತ್ತಿರ ಎರಡರಷ್ಟು ಬಾಡಿಗೆ ಕೊಡುವ ಅಗತ್ಯವಿಲ್ಲ.

ಆಸ್ಪತ್ರೆಗೆ ಬರುವವರ ವಿಷಯ ಸ್ವಲ್ಪ ಬೇರೆ, ಅದನ್ನು ನಿಧಾನವಾಗಿ ಹೇಳುತ್ತೇನೆ. ಜಯದೇವಕ್ಕೆ ಬರುವವರು ಜಯನಗರ, ತಿಲಕ್‌ನಗರ, ಬಿಟಿಎಂ ಕಡೆ ನೋಡಿ. ಹಳದಿ ಮಾರ್ಗದಲ್ಲಿ ಆಸ್ಪತ್ರೆಯ ಹೆಸರಿನದೇ ಮೆಟ್ರೊ ಸ್ಟೇಷನ್ ಇದೆ. ನಿಮ್ಹಾನ್ಸ್ ಮತ್ತು ಕಿದ್ವಾಯಿ ಅಕ್ಕಪಕ್ಕದಲ್ಲೇ ಇವೆ. ಅಲ್ಲಿಗೆ ವಿಲ್ಸನ್ ಗಾರ್ಡನ್, ಸಿದ್ದಾಪುರ, ಜಯನಗರದ ಒಂದನೇ ಬ್ಲಾಕ್ ಹತ್ತಿರ. ಎರಡೂ ಕಡೆ ರೋಗಿಯ ಜೊತೆ ಬಂದವರಿಗೆ ಧರ್ಮಶಾಲೆ ವ್ಯವಸ್ಥೆ ಇದೆ, ಲಾಡ್ಜ್ ಹುಡುಕುವ ಮುಂಚೆ ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಅದನ್ನು ಕೇಳಿ ನೋಡಿ. ವಿಕ್ಟೋರಿಯಾ ಆಸ್ಪತ್ರೆಗೆ ಕೆ.ಆರ್. ಮಾರ್ಕೆಟ್ ಸ್ಟೇಷನ್ ಹತ್ತಿರ. ನಾರಾಯಣ ಹೆಲ್ತ್ ಸಿಟಿ ಇರುವುದು ಬೊಮ್ಮಸಂದ್ರದಲ್ಲಿ, ಮೆಜೆಸ್ಟಿಕ್‌ನಲ್ಲಿ ರೂಮ್ ಮಾಡಿ ದಿನಾ ಅಲ್ಲಿಗೆ ಓಡಾಡುವುದು ರೋಗಿಗೆ ಬಹಳ ಕಷ್ಟ. ಆ ಆಸ್ಪತ್ರೆಯ ಸುತ್ತ ವಾರದ ಲೆಕ್ಕದಲ್ಲಿ, ತಿಂಗಳ ಲೆಕ್ಕದಲ್ಲಿ ಕೊಡುವ ರೂಮ್‌ಗಳು ಸಾಕಷ್ಟಿವೆ. ಅಡುಗೆ ಮಾಡಿಕೊಳ್ಳಲು ಸ್ಟೌ ಇರುವ ರೂಮ್ ಕೇಳಿ. ಆಪರೇಷನ್ ಆದವರಿಗೆ ಗಂಜಿ, ರಸಂ ಬೇಕಾಗುತ್ತದೆ, ಅದನ್ನು ಹೋಟೆಲಿಂದ ದಿನಾ ತರಿಸೋಕೆ ಆಗಲ್ಲ. ಇನ್ನೊಂದು ಮಾತು, ರೋಗಿ ಇದ್ದರೆ ಲಿಫ್ಟ್ ಇದೆಯಾ, ಬಾತ್‌ರೂಮಿನಲ್ಲಿ ವೆಸ್ಟರ್ನ್ ಕಮೋಡ್ ಇದೆಯಾ ಅಂತ ಫೋನಿನಲ್ಲೇ ಕೇಳಿ. "ಲಿಫ್ಟ್ ಇದೆ" ಅಂದರೆ ಬಿಡಬೇಡಿ, "ಈಗ ಕೆಲಸ ಮಾಡ್ತಿದೆಯಾ" ಅಂತಲೂ ಕೇಳಿ.

ತುಮಕೂರು ರಸ್ತೆಯ ದೊಡ್ಡ ವಸ್ತುಪ್ರದರ್ಶನ ಕೇಂದ್ರಕ್ಕೆ ಬರುವವರು ಯಶವಂತಪುರ ಅಥವಾ ರಾಜಾಜಿನಗರದಲ್ಲಿ ಇಳಿದುಕೊಂಡರೆ ಹಸಿರು ಮಾರ್ಗದಲ್ಲಿ ಮಾದಾವರದವರೆಗೆ ನೇರ ಹೋಗಬಹುದು. ಐಟಿ ಇಂಟರ್‌ವ್ಯೂ ಇದ್ದರೆ ಕಂಪನಿಯ ಹೆಸರು ಗೊತ್ತಿದ್ದರೆ ಸಾಲದು, ಯಾವ ಟೆಕ್ ಪಾರ್ಕ್, ಯಾವ ಗೇಟ್ ಅಂತ ಎಚ್‌ಆರ್‌ಗೆ ಮೆಸೇಜ್ ಮಾಡಿ ಕೇಳಿ. ಒಂದೇ ಕಂಪನಿಗೆ ಊರಿನ ನಾಲ್ಕು ಮೂಲೆಯಲ್ಲಿ ಆಫೀಸ್ ಇರುತ್ತದೆ.

ಹೆಜ್ಜೆ 2: ಕಿಲೋಮೀಟರ್ ಬಿಡಿ, ಮೆಟ್ರೊ ಸ್ಟೇಷನ್ ನೋಡಿ

ಈಗ ಮೂರು ಮಾರ್ಗ ಓಡುತ್ತಿವೆ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ, ಹಸಿರು ಮಾದಾವರದಿಂದ ರೇಷ್ಮೆ ಸಂಸ್ಥೆವರೆಗೆ, ಹಳದಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ. ನೇರಳೆ ಮಾರ್ಗ ಪೂರ್ತಿ ಆಗಿದ್ದು 2023ರ ಅಕ್ಟೋಬರ್‌ನಲ್ಲಿ, ಹಳದಿ ಶುರುವಾಗಿದ್ದು 2025ರ ಆಗಸ್ಟ್‌ನಲ್ಲಿ. ಹಾಗಾಗಿ ಕೆಲವು ವರ್ಷದ ಹಿಂದೆ ನೆಂಟರು ಕೊಟ್ಟ ಸಲಹೆ ಈಗ ನಡೆಯುವುದಿಲ್ಲ. ಆಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಅಂದರೆ ಅಲ್ಲೇ ಉಳಿಯಬೇಕಿತ್ತು. ಈಗ ಜಯನಗರದಲ್ಲಿ ಉಳಿದು, ಆರ್.ವಿ. ರಸ್ತೆಯಲ್ಲಿ ಹಳದಿ ಮೆಟ್ರೊ ಹತ್ತಿ ಹೋಗಬಹುದು, ಸಂಜೆ ವಾಪಸ್ ಬಂದು ಒಳ್ಳೆ ಊಟವನ್ನೂ ಮಾಡಬಹುದು.

ನನ್ನ ಲೆಕ್ಕ ಸರಳ. ಹೋಟೆಲಿಂದ ಸ್ಟೇಷನ್‌ಗೆ ಹತ್ತು ನಿಮಿಷದೊಳಗೆ ನಡೆಯುವಂತಿದ್ದರೆ, ಮತ್ತು ಇಳಿಯುವ ಸ್ಟೇಷನ್‌ನಿಂದ ನಿಮ್ಮ ಕೆಲಸದ ಜಾಗಕ್ಕೆ ಹಾಗೇ ಹತ್ತಿರವಿದ್ದರೆ, ನಡುವೆ ಹದಿನೈದು ಕಿಲೋಮೀಟರ್ ಇದ್ದರೂ ತೊಂದರೆ ಇಲ್ಲ. ಮೆಟ್ರೊ ಇಲ್ಲದ ಕಡೆ ಐದು ಕಿಲೋಮೀಟರೂ ದೂರವೇ.

ಇಲ್ಲಿ ಒಂದು ಕೆಲಸ ತಪ್ಪದೆ ಮಾಡಿ. ರಾತ್ರಿ ಹತ್ತಕ್ಕೆ ಮನೆಯಲ್ಲಿ ಕೂತು ಮ್ಯಾಪ್ ನೋಡಿದರೆ ಎಲ್ಲ ದಾರಿಯೂ ಖಾಲಿ ಕಾಣುತ್ತದೆ. ಹೊರಡುವ ಸಮಯ ಅನ್ನುವ ಆಯ್ಕೆ ಒತ್ತಿ, ಸೋಮವಾರವೋ ಮಂಗಳವಾರವೋ ಬೆಳಗ್ಗೆ 8.30 ಅಂತ ಹಾಕಿ ನೋಡಿ. ಆಗ ನಿಜ ಗೊತ್ತಾಗುತ್ತದೆ. ಜೊತೆಗೆ ಹೋಟೆಲ್ ರಸ್ತೆಯ ಯಾವ ಕಡೆ ಇದೆ ಅಂತಲೂ ನೋಡಿ. ಹೊಸೂರು ರಸ್ತೆ, ಔಟರ್ ರಿಂಗ್ ರಸ್ತೆ, ಬಳ್ಳಾರಿ ರಸ್ತೆ ಇವೆಲ್ಲ ನಡುವೆ ಡಿವೈಡರ್ ಇರುವ ರಸ್ತೆಗಳು. ಎದುರಿಗೇ ಕಾಣುವ ಆಫೀಸಿಗೆ ಹೋಗಲು ಮುಂದೆ ಹೋಗಿ ಯೂಟರ್ನ್ ತಗೊಂಡು ಬರಬೇಕು, ಇಲ್ಲವೆ ಸ್ಕೈವಾಕ್ ಹುಡುಕಿ ಮೆಟ್ಟಿಲು ಹತ್ತಬೇಕು. ಲಗೇಜು ಇದ್ದಾಗ ಇದು ಚಿಕ್ಕ ವಿಷಯ ಅಲ್ಲ.

ಭಾನುವಾರ ಮೆಟ್ರೊ ಬೆಳಗ್ಗೆ ತಡವಾಗಿ ಶುರುವಾಗುತ್ತದೆ. ಭಾನುವಾರ ಬೆಳಗ್ಗೆ ಪರೀಕ್ಷೆ ಬರೆಯಲು ಬರುವ ಮಕ್ಕಳು ಇದನ್ನು ನೆನಪಿಟ್ಟುಕೊಂಡು, ಸೆಂಟರ್‌ಗೆ ನಡೆದೇ ಹೋಗುವಷ್ಟು ಹತ್ತಿರ ಉಳಿಯಿರಿ. ಆಟೊಗೆ ಮೀಟರ್ ದರ 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಲಗೇಜು ಹಿಡಿದು ನಿಂತವರಿಗೆ ಹೇಳುವ ರೇಟು ಬೇರೆ ಇರುತ್ತದೆ, ಅದಕ್ಕೆ ಆ್ಯಪ್‌ನಲ್ಲಿ ಒಮ್ಮೆ ದರ ನೋಡಿಕೊಂಡು ಮಾತಾಡಿ.

ಹೆಜ್ಜೆ 3: ಹೆಸರು ನೋಡಿ ಮೋಸ ಹೋಗಬೇಡಿ

ಓಲ್ಡ್ ಏರ್‌ಪೋರ್ಟ್ ರೋಡ್ ಅಂತ ವಿಳಾಸ ನೋಡಿ, ವಿಮಾನ ನಿಲ್ದಾಣದ ಪಕ್ಕ ಅಂದುಕೊಂಡು ಬುಕ್ ಮಾಡಿದವರನ್ನು ನಾನು ಕೌಂಟರಿನಲ್ಲಿ ನೋಡಿದ್ದೇನೆ. ಮುಖ ಬಾಡಿಹೋಗಿರುತ್ತದೆ ಪಾಪ. ಆ ರಸ್ತೆ ದೊಮ್ಮಲೂರಿನಿಂದ ಮಾರತ್ತಹಳ್ಳಿ ಕಡೆ ಹೋಗುವುದು, ಅಲ್ಲಿರುವುದು ಎಚ್‌ಎಎಲ್‌ನ ಹಳೇ ನಿಲ್ದಾಣ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾದ ಮೇಲೆ ಪ್ರಯಾಣಿಕರ ವಿಮಾನಗಳೆಲ್ಲ ಅಲ್ಲಿಗೆ ಹೋದವು. ಎರಡರ ನಡುವೆ ಇಡೀ ಊರೇ ಇದೆ.

ವಿಮಾನ ನಿಲ್ದಾಣಕ್ಕೆ ಹತ್ತಿರ ಅಂತ ಬರೆದುಕೊಂಡ ಹೋಟೆಲ್ ಹೆಬ್ಬಾಳದಲ್ಲೂ ಇರಬಹುದು, ಯಲಹಂಕದಲ್ಲೂ ಇರಬಹುದು. ಬೆಳಗಿನ ಜಾವದ ವಿಮಾನಕ್ಕೆ ಹತ್ತಿರ ಉಳಿಯಲೇಬೇಕು ಅಂದರೆ ಸಾದಹಳ್ಳಿ, ದೇವನಹಳ್ಳಿ ಅಂತ ಹುಡುಕಿ. ನಿಲ್ದಾಣ ಊರಿನ ನಡುಭಾಗದಿಂದ ಸುಮಾರು 35 ಕಿಲೋಮೀಟರ್ ದೂರ, ಅಲ್ಲಿಗೆ ಹೋಗುವ ನೀಲಿ ಮೆಟ್ರೊ ಮಾರ್ಗದ ಕೆಲಸ ಇನ್ನೂ ನಡೆಯುತ್ತಿದೆ. ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ಸು ಇದೆ, ಕೆಐಎ-9. ನನ್ನನ್ನು ಕೇಳಿದರೆ ಒಬ್ಬರೇ ಇದ್ದು ಲಗೇಜು ಕಡಿಮೆ ಇದ್ದರೆ ಊರೊಳಗೇ ಉಳಿದು ಬಸ್ಸು ಹಿಡಿಯುವುದೇ ಲೇಸು, ಮಕ್ಕಳು ವಯಸ್ಸಾದವರು ಜೊತೆಗಿದ್ದರೆ ಮಾತ್ರ ಆ ಕಡೆ ರೂಮ್ ಮಾಡಿ.

ವೈಟ್‌ಫೀಲ್ಡ್ ಅನ್ನುವ ಹೆಸರನ್ನೂ ಹೀಗೇ ಎಳೆದು ಎಳೆದು ಮಹದೇವಪುರದವರೆಗೆ ತಂದಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಫೇಸ್ ಒಂದು, ಎರಡು ಅಂತ ಬೇರೆ ಬೇರೆ. ಐದನೇ ಕ್ರಾಸ್, ಎಂಟನೇ ಮೇನ್ ಅನ್ನುವುದು ಮಲ್ಲೇಶ್ವರದಲ್ಲೂ ಇದೆ, ಜಯನಗರದಲ್ಲೂ ಇದೆ, ಹೊಸದಾಗಿ ಆದ ಪ್ರತಿ ಲೇಔಟಿನಲ್ಲೂ ಇದೆ. ವಿಳಾಸದ ಕೊನೆಯ ಆರು ಅಂಕಿ, ಅಂದರೆ ಪಿನ್ ಕೋಡ್, ಮ್ಯಾಪ್‌ನಲ್ಲಿ ತೋರಿಸಿದ ಜಾಗಕ್ಕೆ ಹೊಂದುತ್ತದಾ ನೋಡಿ.

ರೈಲಿನವರಿಗೂ ಇದೇ ಮಾತು. ಟಿಕೆಟಿನಲ್ಲಿ ಬೆಂಗಳೂರು ಅಂತ ಇದ್ದರೆ ಸಾಲದು. ಕೆಎಸ್‌ಆರ್ ಬೆಂಗಳೂರು ಅಂದರೆ ಮೆಜೆಸ್ಟಿಕ್ ಎದುರಿನದು. ಎಸ್‌ಎಂವಿಟಿ ಅಂದರೆ ಬೈಯಪ್ಪನಹಳ್ಳಿ ಕಡೆಯದು, 2022ರ ಜೂನ್‌ನಿಂದ ರೈಲು ಓಡುತ್ತಿರುವ ಹೊಸ ಟರ್ಮಿನಲ್. ಯಶವಂತಪುರ, ಕಂಟೋನ್ಮೆಂಟ್ ಬೇರೆ. ಬೆಳಗಿನ ಜಾವ 3 ಗಂಟೆಗೆ ಎಸ್‌ಎಂವಿಟಿಯಲ್ಲಿ ಇಳಿದು ಮೆಜೆಸ್ಟಿಕ್‌ನ ಲಾಡ್ಜಿಗೆ ಹೋಗಬೇಕಾದರೆ, ಮೆಟ್ರೊ ಇನ್ನೂ ಎದ್ದಿರುವುದಿಲ್ಲ.

ಹೆಜ್ಜೆ 4: ತಾರೀಖು ನೋಡಿ

ಊರಲ್ಲಿ ದೊಡ್ಡ ಕಾರ್ಯಕ್ರಮ ಇದ್ದ ವಾರ ಬಾಡಿಗೆ ಏರುತ್ತದೆ. ಅದರಲ್ಲಿ ಮೊದಲನೆಯದು ಏರೋ ಇಂಡಿಯಾ. ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ, ಫೆಬ್ರುವರಿಯಲ್ಲಿ ನಡೆಯುವ ವಿಮಾನ ಪ್ರದರ್ಶನ. 2023ರಲ್ಲಿ ಆಯ್ತು, 2025ರಲ್ಲಿ ಆಯ್ತು. ಆ ವಾರ ಹೆಬ್ಬಾಳದಿಂದ ದೇವನಹಳ್ಳಿವರೆಗೆ ರೂಮ್ ಬಾಡಿಗೆ ಗಗನಕ್ಕೇರುತ್ತದೆ. ನವೆಂಬರ್‌ನಲ್ಲಿ ಟೆಕ್ ಸಮ್ಮಿಟ್, ಐಪಿಎಲ್ ಪಂದ್ಯ ಇದ್ದ ದಿನ ಎಂ.ಜಿ. ರೋಡ್ ಸುತ್ತಮುತ್ತ, ಮದುವೆ ಮುಹೂರ್ತ ಜಾಸ್ತಿ ಇರುವ ವಾರ ಎಲ್ಲ ಕಡೆ ಹೀಗೇ ಏರುತ್ತದೆ. ತಾರೀಖು ಬದಲಿಸಲು ಆಗುವುದಾದರೆ ಒಂದು ದಿನ ಆಚೆ ಈಚೆ ಹಾಕಿ ರೇಟು ನೋಡಿ. ಐಟಿ ಕಡೆಯ ಹೋಟೆಲ್‌ಗಳು ಕಂಪನಿ ಗಿರಾಕಿಗಳ ಮೇಲೆ ನಡೆಯುವುದರಿಂದ ಶನಿವಾರ, ಭಾನುವಾರ ಅಲ್ಲಿ ಸಾಮಾನ್ಯವಾಗಿ ಅಗ್ಗ. ಕುಟುಂಬದ ಜೊತೆ ಸುಮ್ನೆ ಎರಡು ದಿನ ಇದ್ದು ಹೋಗಲು ಬರುವವರು ಇದನ್ನು ಬಳಸಿಕೊಳ್ಳಿ.

ಹೆಜ್ಜೆ 5: ಫೋನ್ ಮಾಡಿ, ಆಮೇಲೆ ಬುಕ್ ಮಾಡಿ

ಆ್ಯಪ್‌ನಲ್ಲಿ ಮೂರ್ನಾಲ್ಕು ಹೋಟೆಲ್ ಆರಿಸಿ. ರಿವ್ಯೂ ಓದುವಾಗ ಐದು ಸ್ಟಾರ್ ಕೊಟ್ಟವರದು ಬಿಡಿ, ಕಳೆದ ಎರಡು ಮೂರು ತಿಂಗಳಲ್ಲಿ ಒಂದು, ಎರಡು ಸ್ಟಾರ್ ಕೊಟ್ಟವರು ಏನು ಬರೆದಿದ್ದಾರೆ ನೋಡಿ. ನೀರು ಬರಲ್ಲ, ರಾತ್ರಿ ಡಿಜೆ ಸದ್ದು, ಬುಕಿಂಗ್ ಇದ್ದರೂ ರೂಮ್ ಇಲ್ಲ ಅಂದರು ಅನ್ನುವ ಮಾತು ಮತ್ತೆ ಮತ್ತೆ ಬಂದರೆ ಆ ಹೋಟೆಲ್ ಬೇಡ. ಕೋರಮಂಗಲ, ಇಂದಿರಾನಗರದ 12ನೇ ಮೇನ್, ಚರ್ಚ್ ಸ್ಟ್ರೀಟ್ ಕಡೆ ವಾರಾಂತ್ಯದಲ್ಲಿ ತಡರಾತ್ರಿವರೆಗೂ ಗಲಾಟೆ ಇರುತ್ತದೆ, ಮಾರನೇ ದಿನ ಪರೀಕ್ಷೆಯೋ ಇಂಟರ್‌ವ್ಯೂವೋ ಇದ್ದರೆ ಆ ಕಡೆ ಹೋಗಲೇಬೇಡಿ. ಹೋಟೆಲಿನವರು ಹಾಕಿದ ಫೋಟೊಗಿಂತ ಗಿರಾಕಿಗಳು ಹಾಕಿದ ಫೋಟೊ ನಂಬಬಹುದು, ಅದರಲ್ಲೂ ಬಾತ್‌ರೂಮ್ ಫೋಟೊ.

ಆಮೇಲೆ ಹೋಟೆಲಿಗೇ ನೇರ ಫೋನ್ ಮಾಡಿ. ಹೀಗೆ ಮಾತಾಡಿ:

"ನಮಸ್ಕಾರ ಸರ್. ಶುಕ್ರವಾರ ಬೆಳಗ್ಗೆ 6ಕ್ಕೆ ಟ್ರೈನ್ ಇಳೀತೀವಿ, ಒಂದು ರಾತ್ರಿ ಇರ್ತೀವಿ. ಬಂದ ತಕ್ಷಣ ರೂಮ್ ಸಿಗುತ್ತಾ?"

"12ಕ್ಕೆ ಚೆಕ್-ಇನ್ ಮೇಡಂ. ಖಾಲಿ ಇದ್ರೆ ಕೊಡ್ತೀವಿ."

"ಖಾಲಿ ಇದ್ರೆ ಅಂದ್ರೆ ಕಷ್ಟ ಸರ್, ಅಮ್ಮ ಜೊತೆಗಿದ್ದಾರೆ, ಆಸ್ಪತ್ರೆಗೆ ಹೋಗ್ಬೇಕು. ಬೇಗ ಕೊಡೋದಕ್ಕೆ ಎಷ್ಟು ಸೇರಿಸ್ಬೇಕು ಹೇಳಿಬಿಡಿ. ಟ್ಯಾಕ್ಸ್ ಎಲ್ಲಾ ಸೇರಿ ಎಷ್ಟಾಗುತ್ತೆ?"

"ಲೈನಲ್ಲಿರಿ ಮೇಡಂ, ಮ್ಯಾನೇಜರ್‌ನ ಕೇಳಿ ಹೇಳ್ತೀನಿ."

ಇಷ್ಟು ಕೇಳಿದರೆ ನಮಗೂ ಅನುಕೂಲ. ಬೆಳಗ್ಗೆ 6ಕ್ಕೆ ಬರುವವರು ಇದ್ದಾರೆ ಅಂತ ಗೊತ್ತಿದ್ದರೆ ಹಿಂದಿನ ರಾತ್ರಿಯೇ ಒಂದು ರೂಮ್ ತೆಗೆದಿಡಬಹುದು. ಹೇಳದೆ ಬಂದರೆ, ನಮಗೆ ಮನಸ್ಸಿದ್ದರೂ, ಎಲ್ಲ ರೂಮಿನಲ್ಲೂ ಜನ ಮಲಗಿರುತ್ತಾರೆ. ಮೆಜೆಸ್ಟಿಕ್ ಸುತ್ತ 24 ಗಂಟೆ ಲೆಕ್ಕದ ಲಾಡ್ಜ್‌ಗಳಿವೆ. ಬೆಳಗ್ಗೆ 6ಕ್ಕೆ ಹೋದರೆ ಮಾರನೇ ದಿನ ಬೆಳಗ್ಗೆ 6ರವರೆಗೆ ನಿಮ್ಮದು. ರಾತ್ರಿ ರೈಲಿಗೆ ಬಂದಿಳಿಯುವವರಿಗೆ ಇದೇ ಉಳಿತಾಯ. ಬರೀ ಸ್ನಾನ ಮಾಡಿ ಒಂದಷ್ಟು ಹೊತ್ತು ಮಲಗಬೇಕು ಅಂದರೆ ರೈಲ್ವೆಯ ರಿಟೈರಿಂಗ್ ರೂಮ್, ಡಾರ್ಮಿಟರಿ ನೋಡಿ. ಕನ್ಫರ್ಮ್ ಆದ ಟಿಕೆಟಿನ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲಿ ಬುಕ್ ಮಾಡಬಹುದು.

ಬಿಸಿನೀರಿನ ಸಮಯ ಕೇಳುವುದನ್ನು ಮರೆಯಬೇಡಿ. ಬಹಳ ಲಾಡ್ಜ್‌ಗಳಲ್ಲಿ ಸೋಲಾರ್ ನೀರು, ಬೆಳಗ್ಗೆ ಇಷ್ಟರಿಂದ ಇಷ್ಟರವರೆಗೆ ಅಂತ ಇರುತ್ತದೆ. ಮಳೆಗಾಲದಲ್ಲಿ ಮೋಡ ಕಟ್ಟಿದರೆ ಅದೂ ಇಲ್ಲ. ರೂಮಿನಲ್ಲೇ ಗೀಸರ್ ಇದೆಯಾ ಅಂತ ಕೇಳಿ.

ಇಬ್ಬರು ಹುಡುಗ ಹುಡುಗಿ, ಮದುವೆ ಆಗದವರು, ರೂಮ್ ತಗೋಬಾರದು ಅಂತ ಕಾನೂನು ಇಲ್ಲ. ಇಬ್ಬರೂ ವಯಸ್ಕರಾಗಿರಬೇಕು, ಇಬ್ಬರ ಐಡಿ ಬೇಕು. ಆದರೆ ಕೆಲವು ಹೋಟೆಲ್‌ಗಳು ತಮ್ಮದೇ ನಿಯಮ ಇಟ್ಟುಕೊಂಡಿರುತ್ತವೆ. ಬೆಂಗಳೂರಿನದೇ ವಿಳಾಸ ಇರುವ ಐಡಿ ಆಗಲ್ಲ ಅನ್ನುವವರೂ ಇದ್ದಾರೆ. ಎರಡನ್ನೂ ಮೊದಲೇ ಕೇಳಿಕೊಂಡರೆ ರಾತ್ರಿ ಹೊತ್ತು ಬಾಗಿಲಲ್ಲಿ ನಿಂತು ವಾದ ಮಾಡುವುದು ತಪ್ಪುತ್ತದೆ.

ಹೆಜ್ಜೆ 6: ಬಾಡಿಗೆ, ತೆರಿಗೆ, ಮುಂಗಡ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಅದಕ್ಕೂ ಮುಂಚೆ ಶೇ 12 ಇತ್ತು. 7,500 ದಾಟಿದರೆ ಶೇ 18. ಈ ಗಡಿ ಗೊತ್ತಿರಲಿ. 7,500ರ ರೂಮಿಗೆ ತೆರಿಗೆ 375 ಸೇರಿ 7,875 ಆಗುತ್ತದೆ. 7,600ರ ರೂಮಿಗೆ 1,368 ಸೇರಿ 8,968. ನೂರು ರೂಪಾಯಿ ಜಾಸ್ತಿ ಬಾಡಿಗೆಗೆ ಒಟ್ಟು 1,093 ರೂಪಾಯಿ ಜಾಸ್ತಿ ಕೊಟ್ಟ ಹಾಗಾಯ್ತು. ಈ ಗಡಿಯ ಹತ್ತಿರ ಇದ್ದರೆ ರೇಟು ಸ್ವಲ್ಪ ಇಳಿಸಿ ಅಂತ ಧೈರ್ಯವಾಗಿ ಕೇಳಿ, ಎಷ್ಟೋ ಸಲ ಇಳಿಸುತ್ತಾರೆ. ಕಮ್ಮಿ ಬಜೆಟ್ಟಿನ ರೂಮಿಗೆ ಈಗಲೂ ಶೇ 12 ಹಾಕಿ ಬಿಲ್ ಕೊಟ್ಟರೆ ಪ್ರಶ್ನೆ ಮಾಡಿ.

ಕ್ಯಾನ್ಸಲ್ ಮಾಡಿದರೆ ದುಡ್ಡು ಬರದ ರೇಟು ಅಗ್ಗ ಇರುತ್ತದೆ. ಮದುವೆಗೆ ಬರುವವರು, ರೈಲು ಟಿಕೆಟ್ ಕನ್ಫರ್ಮ್ ಆದವರು ಅದನ್ನು ತಗೊಳ್ಳಿ. ಆಸ್ಪತ್ರೆ, ಕೋರ್ಟ್ ಕೆಲಸಕ್ಕೆ ಬರುವವರು ಬೇಡ. ಡಾಕ್ಟರು ಮುಂದಿನ ವಾರ ಬನ್ನಿ ಅಂದುಬಿಟ್ಟರೆ, ವಾಯಿದೆ ಮುಂದಕ್ಕೆ ಹೋದರೆ, ಕೊಟ್ಟಿದ್ದು ಹೋದಂತೆಯೇ.

ಈಗ ಮುಖ್ಯವಾದ ಎಚ್ಚರಿಕೆ. ಮ್ಯಾಪ್‌ನಲ್ಲಿ, ಹುಡುಕಾಟದಲ್ಲಿ ಕಾಣುವ ಫೋನ್ ನಂಬರು ಹೋಟೆಲಿನದೇ ಅಂತ ಹೇಳಲು ಬರುವುದಿಲ್ಲ. ವಂಚಕರು ತಮ್ಮ ನಂಬರು ಸೇರಿಸಿರುತ್ತಾರೆ. ಪೂರ್ತಿ ಬಾಡಿಗೆ ಈಗಲೇ ಕಳಿಸಿ ಅಂತ ಅವಸರ ಮಾಡಿದರೆ, ಯುಪಿಐ ಮಾಡುವಾಗ ಹೋಟೆಲ್ ಹೆಸರಿನ ಬದಲು ಯಾರದೋ ವ್ಯಕ್ತಿಯ ಹೆಸರು ಬಂದರೆ, ಹಣ ವಾಪಸ್ ಕೊಡುತ್ತೇವೆ ಕ್ಯೂಆರ್ ಸ್ಕ್ಯಾನ್ ಮಾಡಿ ಅಂದರೆ, ಅಲ್ಲಿಗೇ ನಿಲ್ಲಿಸಿ. ಹಣ ಬರುವುದಕ್ಕೆ ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ದುಡ್ಡು ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ವಾಪಸ್ ಬರುವುದು ಕಷ್ಟ. ಆ್ಯಪ್ ಮೂಲಕ ಬುಕ್ ಮಾಡಿದರೂ ಹಿಂದಿನ ದಿನ ಹೋಟೆಲಿಗೆ ಒಂದು ಫೋನ್ ಮಾಡಿ, ಬುಕಿಂಗ್ ನಂಬರು ಹೇಳಿ, "ನಮ್ಮ ಹೆಸರು ನಿಮ್ಮ ಲಿಸ್ಟಲ್ಲಿದೆಯಾ" ಅಂತ ಕೇಳಿಬಿಡಿ. ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲಿನ ಉತ್ತರ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು.

ಹೆಜ್ಜೆ 7: ಕೀ ತಗೊಂಡ ಮೇಲೆ ಮೊದಲ ಐದು ನಿಮಿಷ

ಒರಿಜಿನಲ್ ಐಡಿ ತನ್ನಿ. ಆಧಾರ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ, ಪಾಸ್‌ಪೋರ್ಟ್ ಇವುಗಳಲ್ಲಿ ಒಂದು. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇರುವುದಿಲ್ಲ, ಅದಕ್ಕೇ ಬಹಳ ಕಡೆ ತಗೊಳ್ಳಲ್ಲ. ಆಧಾರ್ ಜೆರಾಕ್ಸ್ ಕೊಡುವುದಾದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಪ್ರತಿ ಕೊಡಿ, ಅದರ ಮೇಲೆ ತಾರೀಖು ಮತ್ತು ಯಾವ ಹೋಟೆಲಿಗೆ ಕೊಟ್ಟಿದ್ದು ಅಂತ ಅಡ್ಡಡ್ಡ ಬರೆದುಕೊಡಿ.

ರೂಮಿಗೆ ಹೋದ ತಕ್ಷಣ ಬ್ಯಾಗ್ ಬಿಚ್ಚಬೇಡಿ. ಮಂಚದ ತಲೆಭಾಗದಲ್ಲಿ ಬೆಡ್‌ಶೀಟ್ ಎತ್ತಿ, ಹಾಸಿಗೆಯ ಅಂಚಿನ ಹೊಲಿಗೆ ನೋಡಿ. ಮೊಬೈಲ್ ಟಾರ್ಚ್ ಹಾಕಿಕೊಂಡು ನೋಡಿ. ಪೆನ್ನಿನಿಂದ ಚುಕ್ಕಿ ಇಟ್ಟ ಹಾಗೆ ಕಪ್ಪು ಕಲೆ ಸಾಲಾಗಿ ಕಂಡರೆ ಅದು ತಿಗಣೆ. ತಕ್ಷಣ ಬೇರೆ ರೂಮ್ ಕೇಳಿ, ಅದೂ ಪಕ್ಕದ ರೂಮ್ ಬೇಡ, ಬೇರೆ ಮಹಡಿಯದು ಕೇಳಿ. ಆಮೇಲೆ ನಲ್ಲಿ ತಿರುಗಿಸಿ, ಫ್ಲಶ್ ಒತ್ತಿ, ಬಾಗಿಲಿನ ಚಿಲಕ ಹಾಕಿ ತೆಗೆಯಿರಿ, ಎಸಿ ಇದ್ದರೆ ಆನ್ ಮಾಡಿ. ಕಿಟಕಿ ತೆಗೆದು ಕೆಳಗೆ ನೋಡಿ. ಕೆಳಗೆ ಜನರೇಟರ್ ಇದ್ದರೆ ಕರೆಂಟು ಹೋದಾಗ ನಿದ್ದೆ ಬಂದ ಹಾಗೇ. ಈ ಐದು ನಿಮಿಷದೊಳಗೆ ಕೇಳಿದರೆ ರೂಮ್ ಬದಲಿಸಿಕೊಡುವುದು ನಮಗೂ ಸುಲಭ. ಸ್ನಾನ ಮಾಡಿ, ಹಾಸಿಗೆ ಬಳಸಿ ಆಮೇಲೆ ಕೇಳಿದರೆ ಆ ರೂಮನ್ನು ಮತ್ತೆ ಪೂರ್ತಿ ತೊಳೆಸಬೇಕು.

ಬಿಲ್ ಕೊಡುವಾಗ ರೆಸ್ಟೋರೆಂಟಿನ ಸರ್ವಿಸ್ ಚಾರ್ಜ್ ನೋಡಿ. ಗಿರಾಕಿಯನ್ನು ಕೇಳದೆ ಅದನ್ನು ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿ ಹಿಡಿದಿದೆ. ತೆಗೆಯಲ್ಲ ಅಂದರೆ ಗ್ರಾಹಕ ಸಹಾಯವಾಣಿ 1915. ರೂಮ್ ಕ್ಲೀನ್ ಮಾಡಿದವರಿಗೆ ಏನಾದರೂ ಕೊಡಬೇಕು ಅನಿಸಿದರೆ ಅವರ ಕೈಗೇ ಕೊಡಿ. ಕೌಂಟರಿನಲ್ಲಿ ಕೊಟ್ಟರೆ ಅವರಿಗೆ ತಲುಪುತ್ತದೆ ಅಂತ ಹೇಳೋಕಾಗಲ್ಲ.

ಹೋಟೆಲ್ ಕೆಲಸಕ್ಕೆ ಸೇರುವವರಿಗೆ

ಇಷ್ಟೊಂದು ಹೋಟೆಲ್ ಇರುವ ಊರಲ್ಲಿ ನಮ್ಮ ಕನ್ನಡದ ಮಕ್ಕಳು ಈ ಕೆಲಸಕ್ಕೆ ಬರುವುದು ಕಡಿಮೆ ಅಂತ ನನಗೆ ಬೇಜಾರಿದೆ. ಈಶಾನ್ಯ ರಾಜ್ಯಗಳಿಂದ, ಒಡಿಶಾದಿಂದ, ಬಂಗಾಳದಿಂದ ಅಷ್ಟು ದೂರ ಬಂದು ಕೆಲಸ ಕಲಿತು ಮೇಲೆ ಹೋಗುತ್ತಾರೆ. ಅವರ ಶ್ರಮ ದೊಡ್ಡದು. ಹಾಸನ, ಮಂಡ್ಯ, ರಾಯಚೂರಿನ ಮಕ್ಕಳಿಗೆ ಈ ದಾರಿಯನ್ನು ಯಾರೂ ಹೇಳಿಕೊಡುವುದಿಲ್ಲ, ಅಷ್ಟೇ. ಕನ್ನಡ ಗೊತ್ತಿರುವುದು ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಹಳ್ಳಿಯಿಂದ ಬಂದ ವಯಸ್ಸಾದವರು, ಪೊಲೀಸ್ ಠಾಣೆಯವರು, ತರಕಾರಿ ತಂದು ಹಾಕುವವರು, ಎಲ್ಲರ ಜೊತೆಗೂ ಮಾತಾಡಬಲ್ಲವರು ಕೌಂಟರಿನಲ್ಲಿ ಬೇಕೇ ಬೇಕು.

ಕೆಲಸ ನಾಲ್ಕು ದೊಡ್ಡ ಭಾಗ. ರಿಸೆಪ್ಷನ್ ನೋಡಿಕೊಳ್ಳುವ ಫ್ರಂಟ್ ಆಫೀಸ್, ರೂಮ್ ಕ್ಲೀನ್ ಮಾಡುವ ಹೌಸ್‌ಕೀಪಿಂಗ್, ಊಟ ಬಡಿಸುವ ಸರ್ವಿಸ್, ಕಿಚನ್. ಇಂಗ್ಲಿಷ್ ಹೆದರಿಕೆ ಇದ್ದವರು ಹೌಸ್‌ಕೀಪಿಂಗ್ ಅಥವಾ ಕಿಚನ್‌ನಿಂದ ಶುರು ಮಾಡಿ. ಹೌಸ್‌ಕೀಪಿಂಗ್‌ನಲ್ಲಿ ದೊಡ್ಡ ಹೋಟೆಲಿನಲ್ಲಿ ಒಬ್ಬರಿಗೆ ಒಂದು ಶಿಫ್ಟಿಗೆ 12ರಿಂದ 16 ರೂಮ್ ಬರುವುದು ಸಾಮಾನ್ಯ. ಬೆನ್ನು ಬಗ್ಗಿಸಿ ಮಾಡುವ ಕೆಲಸ, ಸುಲಭ ಅಂತ ಹೇಳಿ ಯಾರನ್ನೂ ಕರೆಯುವುದಿಲ್ಲ. ಕಿಚನ್‌ನಲ್ಲಿ ಎಲ್ಲಕ್ಕಿಂತ ಕೆಳಗಿನ ಹುದ್ದೆ ಕೊಮಿ (Commis), ಅಂದರೆ ಕೆಲಸ ಕಲಿಯುವ ಅಡುಗೆಯವರು. ಕೊಮಿ 3ರಿಂದ ಶುರುವಾಗಿ ಕೊಮಿ 2, ಕೊಮಿ 1, ಆಮೇಲೆ ಒಂದು ವಿಭಾಗ ನೋಡಿಕೊಳ್ಳುವ ಸಿಡಿಪಿ, ಮುಖ್ಯ ಶೆಫ್‌ಗೆ ಎರಡನೆಯವರಾದ ಸೂ ಶೆಫ್ ಅಂತ ಮೆಟ್ಟಿಲುಗಳಿವೆ. ಈರುಳ್ಳಿ ಸಿಪ್ಪೆ ತೆಗೆಯುವುದರಿಂದ ಶುರು ಮಾಡಿದವರೇ ಮೇಲೆ ನಿಂತಿರುತ್ತಾರೆ.

ಓದಿ ಬರುವುದಾದರೆ ಶೇಷಾದ್ರಿ ರಸ್ತೆಯ ಎಸ್.ಜೆ. ಪಾಲಿಟೆಕ್ನಿಕ್ ಆವರಣದಲ್ಲಿರುವ ಸರ್ಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ, ಐಎಚ್‌ಎಂ ನೋಡಿ. ಪಿಯುಸಿ ಆದ ಮೇಲೆ ಮೂರು ವರ್ಷದ ಬಿಎಸ್‌ಸಿ. ಅದಕ್ಕೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುವ ಎನ್‌ಸಿಎಚ್‌ಎಂ ಜೆಇಇ ಪ್ರವೇಶ ಪರೀಕ್ಷೆ ಬರೆಯಬೇಕು. ಅಡುಗೆ ಕಲಿಯಲು ಎಸ್ಸೆಸ್ಸೆಲ್ಸಿ ಮೇಲೆ ಸೇರುವ ಚಿಕ್ಕ ಕೋರ್ಸುಗಳೂ ಇವೆ. ಖಾಸಗಿ ಕಾಲೇಜಿಗೆ ಲಕ್ಷಗಟ್ಟಲೆ ಕಟ್ಟುವ ಮುಂಚೆ, ಕಳೆದ ವರ್ಷ ಓದಿ ಮುಗಿಸಿದ ಇಬ್ಬರು ಮೂವರನ್ನು ಹುಡುಕಿ, ಟ್ರೈನಿಂಗ್ ಎಲ್ಲಿ ಹಾಕಿದರು, ಕೈಗೆ ಎಷ್ಟು ಸಂಬಳ ಬರುತ್ತಿದೆ ಅಂತ ಕೇಳಿ. ಓದಲು ದುಡ್ಡಿಲ್ಲ ಅಂದರೆ ನೇರವಾಗಿ ಟ್ರೈನಿ ಆಗಿ ಸೇರಿ, ಒಂದೆರಡು ವರ್ಷ ಕಲಿತ ಮೇಲೆ ಅನುಭವವೇ ಮಾತಾಡುತ್ತದೆ.

ರೂಮ್ ಆರಿಸುವಾಗ ಹೇಳಿದ ಜಾಗದ ಲೆಕ್ಕ ಕೆಲಸಕ್ಕೆ ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಗಿರಾಕಿ ಎರಡು ದಿನ ಕಷ್ಟಪಟ್ಟು ಹೋಗುತ್ತಾರೆ, ನೀವು ವರ್ಷಪೂರ್ತಿ ಓಡಾಡಬೇಕು. ಸರ್ವಿಸ್, ಕಿಚನ್‌ನಲ್ಲಿ ಬ್ರೇಕ್ ಶಿಫ್ಟ್ ಇರುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಪಾಳಿ, ನಡುವೆ ಮೂರ್ನಾಲ್ಕು ಗಂಟೆ ಬಿಡುವು, ಮತ್ತೆ ರಾತ್ರಿ 11ರವರೆಗೆ. ಮನೆ ಹತ್ತಿರ ಇದ್ದರೆ ಆ ಬಿಡುವಿನಲ್ಲಿ ಹೋಗಿ ಮಲಗಬಹುದು. ದೂರ ಇದ್ದರೆ ಲಾಕರ್ ರೂಮಿನ ಬೆಂಚಿನ ಮೇಲೆ ಕೂತು ಕಳೆಯಬೇಕು. ದೊಡ್ಡ ಹೋಟೆಲ್‌ಗಳು ರೇಸ್ ಕೋರ್ಸ್ ರಸ್ತೆ, ಎಂ.ಜಿ. ರೋಡ್, ಔಟರ್ ರಿಂಗ್ ರಸ್ತೆ, ವೈಟ್‌ಫೀಲ್ಡ್, ವಿಮಾನ ನಿಲ್ದಾಣದ ಕಡೆ ಗುಂಪು ಗುಂಪಾಗಿವೆ. ಎಂ.ಜಿ. ರೋಡ್ ಕಡೆ ಕೆಲಸ ಸಿಕ್ಕರೆ ಅಲ್ಲೇ ಮನೆ ಮಾಡಲು ಆಗಲ್ಲ, ಆದರೆ ನೇರಳೆ ಮಾರ್ಗದಲ್ಲೇ ವಿಜಯನಗರ, ಕೆಂಗೇರಿ ಕಡೆ ಬಾಡಿಗೆ ಕಡಿಮೆ. ವಿಮಾನ ನಿಲ್ದಾಣದ ಕಡೆಯಾದರೆ ಹೋಟೆಲಿನವರೇ ಉಳಿಯಲು ಜಾಗ ಕೊಡುತ್ತಾರಾ ಕೇಳಿ, ಇಲ್ಲ ಅಂದರೆ ಎರಡು ಸಲ ಯೋಚಿಸಿ.

ಅರ್ಜಿ ಹಾಕಲು ಮುಂಬಾಗಿಲಿಗೆ ಹೋಗಬೇಡಿ. ಹಿಂದುಗಡೆ ಸ್ಟಾಫ್ ಗೇಟ್ ಇರುತ್ತದೆ, ಅಲ್ಲಿ ಟೈಮ್ ಆಫೀಸಿನಲ್ಲಿ ಸೆಕ್ಯುರಿಟಿಯವರನ್ನು ಕೇಳಿದರೆ ಎಚ್‌ಆರ್ ಯಾವ ದಿನ ಸಿಗುತ್ತಾರೆ ಅಂತ ಹೇಳುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಮಾಡಿದ ಕಪ್ಪು ಶೂ, ಶೇವ್, ಕತ್ತರಿಸಿದ ಉಗುರು. ಹುಡುಗಿಯರು ಕೂದಲು ಎತ್ತಿ ಕಟ್ಟಿ. ಇಂಟರ್‌ವ್ಯೂ ಮಾಡುವವರು ಮೊದಲು ನೋಡುವುದು ಇದನ್ನೇ.

ಸೇರುವ ಮುಂಚೆ ಇವಿಷ್ಟು ಕೇಳಿ, ಸಂಕೋಚ ಬೇಡ. ಪಿಎಫ್ ಕಳೆದು ಕೈಗೆ ಎಷ್ಟು ಬರುತ್ತದೆ? ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆ, ಇದೆಯಾ? ತಿಂಗಳಿಗೆ 21,000ದವರೆಗೆ ಸಂಬಳ ಇದ್ದವರು ಅದರೊಳಗೆ ಬರುತ್ತಾರೆ, ಮನೆಯವರ ಚಿಕಿತ್ಸೆಗೂ ಆಗುತ್ತದೆ. ವಾರದ ರಜೆ ಎಷ್ಟು? ಡ್ಯೂಟಿ ಊಟ ಇದೆಯಾ? ರಾತ್ರಿ ಪಾಳಿ ಮುಗಿದ ಮೇಲೆ ಡ್ರಾಪ್ ಇದೆಯಾ? ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿ ಹಾಕಿದರೆ ವಾಹನದ ವ್ಯವಸ್ಥೆ ಹೋಟೆಲಿನವರ ಜವಾಬ್ದಾರಿ. ನೇಮಕಾತಿ ಪತ್ರ ಕೈಗೆ ಬರುವವರೆಗೂ ಕೇಳುತ್ತಿರಿ.

ಯೂನಿಫಾರ್ಮ್ ಡೆಪಾಸಿಟ್, ರಿಜಿಸ್ಟ್ರೇಷನ್ ಫೀಸ್ ಅಂತ ಯಾರಿಗೂ ಒಂದು ರೂಪಾಯಿ ಕೊಡಬೇಡಿ. ಒಳ್ಳೆ ಹೋಟೆಲ್ ಯಾವುದೂ ಕೆಲಸ ಕೊಡಲು ದುಡ್ಡು ಕೇಳುವುದಿಲ್ಲ. ದುಬೈ, ಕತಾರ್ ಹೋಟೆಲ್ ಅಂತ ಏಜೆಂಟ್ ಹೇಳಿದರೆ ಅವರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನ ನೋಂದಾಯಿತ ಏಜೆಂಟರ ಪಟ್ಟಿಯಲ್ಲಿ ಇದೆಯಾ ನೋಡಿ. ಇಲ್ಲ ಅಂದರೆ ಪಾಸ್‌ಪೋರ್ಟ್ ಕೈಗೆ ಕೊಡಬೇಡಿ.

ಸೇರಿದ ಮೇಲೆ ಆರು ತಿಂಗಳು ಒಂದೇ ವಿಭಾಗದಲ್ಲಿ ಗಟ್ಟಿಯಾಗಿ ಕಲಿಯಿರಿ. ಆಮೇಲೆ ಕ್ರಾಸ್ ಟ್ರೈನಿಂಗ್ ಕೇಳಿ, ಅಂದರೆ ನಿಮ್ಮ ಡ್ಯೂಟಿ ಮುಗಿಸಿ ಬೇರೆ ವಿಭಾಗದಲ್ಲಿ ಕೆಲವು ದಿನ ಕೆಲಸ ನೋಡುವುದು. ಹೌಸ್‌ಕೀಪಿಂಗ್‌ನಿಂದ ಫ್ರಂಟ್ ಆಫೀಸಿಗೆ ಬರುವವರು ಈ ಬಾಗಿಲಿಂದಲೇ ಬರುತ್ತಾರೆ. ಕೇಳುವಾಗ ಮೇಲಧಿಕಾರಿಯ ಹತ್ತಿರ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಎಚ್‌ಆರ್‌ಗೂ ಒಂದು ಮೇಲ್ ಹಾಕಿ. ಜಾಗ ಖಾಲಿಯಾದಾಗ ಅವರು ತೆಗೆದು ನೋಡುವುದು ಆ ಮೇಲ್‌ಗಳನ್ನೇ.